ಇ-ಸೈಕಲ್ ಕೈಕೊಟ್ಟಾಗ: ಬ್ಯಾಟರಿಯಿಂದ ಮೋಟಾರಿನವರೆಗೆ ದೋಷ ಹುಡುಕುವ ಕ್ರಮ

ಎಲೆಕ್ಟ್ರಿಕ್ ಸೈಕಲ್ ನಿಂತುಹೋದರೆ ಹೆಚ್ಚಿನವರ ಬಾಯಲ್ಲಿ ಮೊದಲು ಬರುವ ಮಾತು ‘ಬ್ಯಾಟರಿ ಹೋಗಿದೆ’ ಎಂಬುದು. ಇಡೀ ಸೈಕಲ್ಲಿನಲ್ಲಿ ಬ್ಯಾಟರಿಯೇ ಅತ್ಯಂತ ದುಬಾರಿ ಭಾಗವಾದ್ದರಿಂದ, ಆ ತೀರ್ಮಾನವನ್ನು ಅಳೆದು ನೋಡದೆ ಒಪ್ಪಿಕೊಳ್ಳಬಾರದು. ಸಡಿಲವಾದ ಕನೆಕ್ಟರ್, ಸಿಕ್ಕಿಕೊಂಡ ಬ್ರೇಕ್ ಸ್ವಿಚ್, ಸುಟ್ಟ ಫ್ಯೂಸ್, ಕಿಲುಬು ಹಿಡಿದ ಪಿನ್ ಇವುಗಳಲ್ಲಿ ಯಾವುದೊಂದು ಕೆಟ್ಟರೂ ಸೈಕಲ್ ನಿಲ್ಲುತ್ತದೆ, ಮತ್ತು ಇವುಗಳನ್ನು ಸರಿಪಡಿಸಲು ತಗಲುವ ಖರ್ಚು ಅಲ್ಪ. ಒಂದೊಂದೇ ಭಾಗವನ್ನು ಹೊಸದಾಗಿ ಕೊಂಡು ಹಾಕಿ ನೋಡುವುದನ್ನು ಕೆಲವು ಅಂಗಡಿಗಳಲ್ಲಿ ರಿಪೇರಿ ಎಂದೇ ಕರೆಯುತ್ತಾರೆ. ಅದು ಗಿರಾಕಿಯ ಹಣದಲ್ಲಿ ನಡೆಯುವ ಊಹೆಯಷ್ಟೆ. ವಿದ್ಯುತ್ತು ಯಾವ ದಾರಿಯಲ್ಲಿ ಸಾಗುತ್ತದೆ ಎಂಬುದನ್ನು ಅರಿತು, ಅದು ಎಲ್ಲಿ ನಿಂತಿದೆ ಎಂದು ಬ್ಯಾಟರಿಯ ಕಡೆಯಿಂದ ಒಂದೊಂದೇ ಹಂತದಲ್ಲಿ ಅಳೆಯುತ್ತ ಬಂದರೆ ದೋಷದ ಜಾಗ ತಾನಾಗಿ ಗೊತ್ತಾಗುತ್ತದೆ.

ಇಲ್ಲಿ ವಿವರಿಸುವ ಕ್ರಮವು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಮಾರಾಟವಾಗುವ ಸೈಕಲ್ಲುಗಳಿಗೆ, ಅಂದರೆ 36 ವೋಲ್ಟಿನ ಲಿಥಿಯಂ-ಅಯಾನ್ ಬ್ಯಾಟರಿ, ಹಿಂಗಾಲಿಯಲ್ಲಿ 250 ವ್ಯಾಟ್ ದರ್ಜೆಯ ಹಬ್ ಮೋಟಾರು, ಥ್ರಾಟಲ್ (ಕೈಯಿಂದ ತಿರುಚಿ ವೇಗ ಹೆಚ್ಚಿಸುವ ಹಿಡಿ) ಮತ್ತು ಪೆಡಲ್ ಅಸಿಸ್ಟ್ (ಪೆಡಲ್ ತುಳಿದಾಗ ಮೋಟಾರು ನೆರವಾಗುವ ವ್ಯವಸ್ಥೆ) ಇರುವ ಮಾದರಿಗಳಿಗೆ ಅನ್ವಯಿಸುತ್ತದೆ. ಮೋಟಾರಿನ ಸಾಮರ್ಥ್ಯವೂ ವೇಗವೂ ಮಿತಿಯಲ್ಲಿದ್ದರೆ ನೋಂದಣಿ ಬೇಡವೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುವುದರಿಂದ, ತಯಾರಕರು ಆ 250 ವ್ಯಾಟ್ ಮತ್ತು ಗಂಟೆಗೆ 25 ಕಿ.ಮೀ. ಗಡಿಯೊಳಗೇ ಸೈಕಲ್ ರೂಪಿಸುತ್ತಾರೆ. ಪೆಡಲಿನ ಬಳಿಯೇ ಮೋಟಾರು ಇರುವ ಮಿಡ್-ಡ್ರೈವ್ ಮಾದರಿಗಳಲ್ಲಿ ಹಲವನ್ನು ಪರೀಕ್ಷಿಸಲು ಕಂಪನಿಯ ಸಾಫ್ಟ್‌ವೇರ್ ಬೇಕಾಗುತ್ತದೆ. ಅಂಥವುಗಳಿಗೆ ಬ್ಯಾಟರಿ ಮತ್ತು ಕನೆಕ್ಟರ್‌ಗಳ ಕುರಿತ ಭಾಗವಷ್ಟೇ ಉಪಯುಕ್ತ.

ವಿದ್ಯುತ್ತಿನ ದಾರಿ

ಬ್ಯಾಟರಿ ಪೆಟ್ಟಿಗೆಯೊಳಗೆ ಸೆಲ್ಲುಗಳ ಜೊತೆಗೆ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಇರುತ್ತದೆ. ಅಲ್ಲಿಂದ ಹೊರಟ ವಿದ್ಯುತ್ತು ಫ್ಯೂಸ್ ಮತ್ತು ಕೀಲಿ ಸ್ವಿಚ್ಚನ್ನು ದಾಟಿ ಕಂಟ್ರೋಲರನ್ನು ಸೇರುತ್ತದೆ. ಕಂಟ್ರೋಲರ್ ಅದನ್ನು ಮೂರು ದಪ್ಪ ವೈರುಗಳ ಮೂಲಕ ಮೋಟಾರಿಗೆ ಹಂಚುತ್ತದೆ. ಇದರ ಜೊತೆಗೆ ಕಂಟ್ರೋಲರಿಗೆ ಸಣ್ಣ ವೈರುಗಳ ಕಂತೆಯೊಂದು ಬಂದು ಸೇರುತ್ತದೆ: ಡಿಸ್‌ಪ್ಲೇ, ಥ್ರಾಟಲ್, ಪೆಡಲ್ ಸೆನ್ಸರ್, ಎರಡು ಬ್ರೇಕ್ ಲಿವರ್, ಮೋಟಾರಿನೊಳಗಿದ್ದು ಅದು ಎಷ್ಟು ತಿರುಗಿದೆ ಎಂದು ತಿಳಿಸುವ ಹಾಲ್ ಸೆನ್ಸರ್‌ಗಳು. ದಪ್ಪ ವೈರುಗಳಲ್ಲಿ ಶಕ್ತಿ ಹರಿಯುತ್ತದೆ, ಸಣ್ಣವುಗಳಲ್ಲಿ ಸೂಚನೆಗಳು ಹೋಗುತ್ತವೆ. ಹೀಗಾಗಿ ಬ್ಯಾಟರಿ ತುಂಬಿದ್ದರೂ ಒಂದು ಸಣ್ಣ ವೈರು ತುಂಡಾದರೆ ಚಕ್ರ ತಿರುಗದೆ ನಿಲ್ಲಬಹುದು.

ಕೈ ಹಾಕುವ ಮೊದಲು

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಆಲೆನ್ ಕೀಗಳು, ಸ್ಕ್ರೂಡ್ರೈವರ್, ಹಳೆಯ ಹಲ್ಲುಜ್ಜುವ ಬ್ರಷ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಇದ್ದರೆ ಸಾಕು. ಮಲ್ಟಿಮೀಟರಿನ ಗುಬುಟನ್ನು ಡಿಸಿ ವೋಲ್ಟೇಜಿನ 200ರ ಗುರುತಿಗೆ ತಿರುಗಿಸಬೇಕು. ಕೆಂಪು ವೈರು ವೋಲ್ಟೇಜ್ ಅಳೆಯುವ ರಂಧ್ರದಲ್ಲಿದೆಯೇ ಎಂದು ಪ್ರತಿ ಬಾರಿಯೂ ನೋಡಿಕೊಳ್ಳಬೇಕು. ಅದು 10 ಆಂಪಿಯರ್ ರಂಧ್ರದಲ್ಲಿದ್ದಾಗ ಮೊನೆಗಳನ್ನು ಬ್ಯಾಟರಿಗೆ ತಾಗಿಸಿದರೆ ನೇರ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಪೂರ್ತಿ ತುಂಬಿದ ಬ್ಯಾಟರಿಯ 42 ವೋಲ್ಟು ಒಣ ಚರ್ಮಕ್ಕೆ ಸಾಮಾನ್ಯವಾಗಿ ಹೊಡೆಯುವುದಿಲ್ಲ, ಆದರೆ ಅದೇ ಬ್ಯಾಟರಿಯ ಎರಡು ತುದಿಗಳಿಗೆ ಲೋಹ ಅಡ್ಡಬಂದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಆದ್ದರಿಂದ ಉಂಗುರ, ಕಡಗ, ಕೈಗಡಿಯಾರಗಳನ್ನು ತೆಗೆದಿಡಿ. ಯಾವ ಕನೆಕ್ಟರನ್ನೇ ಬಿಚ್ಚುವುದಿದ್ದರೂ ಬ್ಯಾಟರಿಯನ್ನು ಮೊದಲು ಹೊರತೆಗೆದು, ಕಂಟ್ರೋಲರಿನ ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ತು ಇಳಿಯುವಂತೆ ಡಿಸ್‌ಪ್ಲೇಯ ಗುಂಡಿಯನ್ನು ಒಮ್ಮೆ ಒತ್ತಿಬಿಡಿ.

ಬ್ಯಾಟರಿ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಮನೆಯಲ್ಲಿ ತೆರೆಯಬಾರದು. ಅದು ಉಬ್ಬಿದ್ದರೆ, ಸಿಹಿಯಾದ ರಾಸಾಯನಿಕ ವಾಸನೆ ಬರುತ್ತಿದ್ದರೆ, ಬಿದ್ದು ತಗ್ಗಾಗಿದ್ದರೆ ಅಥವಾ ಸುಮ್ಮನಿದ್ದಾಗಲೂ ಬಿಸಿಯಾಗಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು: ಚಾರ್ಜಿಗೆ ಹಾಕದೆ, ಮನೆಯಿಂದ ದೂರ ಬಯಲಿನಲ್ಲಿಟ್ಟು ಸರ್ವಿಸ್ ಕೇಂದ್ರಕ್ಕೆ ತಿಳಿಸಬೇಕು.

ಇನ್ನು ಮೂರು ಪ್ರಶ್ನೆಗಳು. ಡಿಸ್‌ಪ್ಲೇ ಹೊತ್ತಿಕೊಳ್ಳುತ್ತದೆಯೇ? ಹೊತ್ತಿದರೆ, ಸ್ಟ್ಯಾಂಡಿನಲ್ಲಿ ಎತ್ತಿ ನಿಲ್ಲಿಸಿದಾಗ ಹಿಂಗಾಲಿ ತಿರುಗುತ್ತದೆಯೇ? ತಿರುಗಿದರೆ, ಸವಾರ ಕೂತು ಏರು ಹತ್ತುವಾಗ ಮಾತ್ರ ನಿಲ್ಲುತ್ತದೆಯೇ? ಈ ಮೂರರ ಉತ್ತರವೇ ಮುಂದಿನ ಕೆಲಸವನ್ನು ನಿರ್ಧರಿಸುತ್ತದೆ. ಜೊತೆಗೆ ದೋಷ ಕಾಣಿಸಿಕೊಳ್ಳುವ ಮೊದಲು ಏನಾಗಿತ್ತು ಎಂಬುದನ್ನೂ ನೆನಪಿಸಿಕೊಳ್ಳಿ. ಹಿಂಗಾಲಿಯ ಪಂಕ್ಚರ್ ಹಾಕಿಸಿಕೊಂಡು ಬಂದ ಮೇಲೆ ಸೈಕಲ್ ನಿಂತಿದ್ದರೆ ಬೇರೆಲ್ಲ ಪರೀಕ್ಷೆಗಿಂತ ಮೊದಲು ಮೋಟಾರಿನ ಕೇಬಲ್ ಕನೆಕ್ಟರನ್ನೇ ನೋಡಬೇಕು. ಚಕ್ರ ಬಿಚ್ಚಲು ಅದನ್ನು ಕಳಚಿ, ಮತ್ತೆ ಅರ್ಧಂಬರ್ಧ ತುರುಕಿರುವ ಸಾಧ್ಯತೆ ಬಹಳ. ಈ ಕನೆಕ್ಟರುಗಳ ಮೇಲೆ ಪುಟ್ಟ ಬಾಣದ ಗುರುತು ಇರುತ್ತದೆ. ಎರಡೂ ಬಾಣಗಳು ಎದುರುಬದುರಾಗಿ ಕೂತು, ಗೆರೆಯವರೆಗೆ ಒಳಗೆ ಹೋಗಿರಬೇಕು. ತಿರುಚಿ ತಳ್ಳಿದರೆ ಪಿನ್ನು ಬಾಗುತ್ತದೆ.

ಡಿಸ್‌ಪ್ಲೇಯೇ ಹೊತ್ತದಿದ್ದರೆ

ಬ್ಯಾಟರಿಯನ್ನು ಹೊರತೆಗೆದು, ಸೈಕಲ್ಲಿಗೆ ಕೂರುವ ಪಿನ್ನುಗಳ ನಡುವೆ ವೋಲ್ಟೇಜ್ ಅಳೆಯಿರಿ. ಕೀಲಿ ಅಥವಾ ಸ್ವಿಚ್ಚು ಬ್ಯಾಟರಿಯ ಮೇಲೇ ಇದ್ದರೆ ಅದನ್ನು ‘ಆನ್’ ಸ್ಥಾನದಲ್ಲಿಟ್ಟು ಅಳೆಯಬೇಕು. 36 ವೋಲ್ಟಿನದೆಂದು ಕರೆಯುವ ಬ್ಯಾಟರಿಯಲ್ಲಿ ಹತ್ತು ಸೆಲ್ ಗುಂಪುಗಳು ಸಾಲಾಗಿರುತ್ತವೆ. ಒಂದೊಂದು ಗುಂಪೂ ಪೂರ್ತಿ ತುಂಬಿದಾಗ 4.2 ವೋಲ್ಟು ತೋರಿಸುವುದರಿಂದ ಒಟ್ಟು 42 ವೋಲ್ಟು ಬರಬೇಕು. ಸುಮಾರು 37ರಲ್ಲಿ ಅರ್ಧ ಉಳಿದಿದೆ ಎನ್ನಬಹುದು, 35ಕ್ಕೆ ಇಳಿದರೆ ಚಾರ್ಜ್ ಮಾಡುವ ಹೊತ್ತಾಯಿತು. 48 ವೋಲ್ಟಿನ ಬ್ಯಾಟರಿಯಲ್ಲಿ ಹದಿಮೂರು ಗುಂಪುಗಳಿದ್ದು ತುಂಬಿದಾಗಿನ ಅಳತೆ 54.6 ವೋಲ್ಟು.

ಅಳತೆ ಸೊನ್ನೆ ಬಂದರೆ ಕೂಡಲೇ ಬ್ಯಾಟರಿ ಸತ್ತಿದೆ ಎನ್ನುವಂತಿಲ್ಲ. ಫ್ಯೂಸ್ ಹೊರಗಿನಿಂದ ತೆಗೆಯಲು ಬರುವಂತಿದ್ದರೆ ತೆಗೆದು, ಮಲ್ಟಿಮೀಟರಿನ ಬೀಪ್ ಸ್ಥಾನದಲ್ಲಿ ಅದರ ಎರಡು ತುದಿ ಮುಟ್ಟಿಸಿ ನೋಡಿ. ಸದ್ದು ಬರದಿದ್ದರೆ ಅದೇ ಆಂಪಿಯರಿನ ಹೊಸ ಫ್ಯೂಸ್ ಹಾಕಿ. ಮನೆಯ ಹಳೆಯ ಫ್ಯೂಸಿಗೆ ತಂತಿ ಸುತ್ತುವ ಅಭ್ಯಾಸವನ್ನು ಇಲ್ಲಿಗೆ ತರಬೇಡಿ. ಹೊಸ ಫ್ಯೂಸೂ ತಕ್ಷಣ ಹಾರಿದರೆ ಮುಂದೆ ಎಲ್ಲೋ ಶಾರ್ಟ್ ಇದೆಯೆಂದೇ ಅರ್ಥ. ಫ್ಯೂಸ್ ಸರಿಯಿದ್ದೂ ಸೊನ್ನೆ ಬರುತ್ತಿದ್ದರೆ ಬಿಎಂಎಸ್ ತಾನಾಗಿ ಬಾಗಿಲು ಹಾಕಿಕೊಂಡಿರಬಹುದು. ಚಾರ್ಜರನ್ನು ಕೆಲವು ನಿಮಿಷ ಸೇರಿಸಿಟ್ಟರೆ ಹಲವು ಬಿಎಂಎಸ್‌ಗಳು ಮತ್ತೆ ತೆರೆದುಕೊಳ್ಳುತ್ತವೆ.

ಚಾರ್ಜರನ್ನೂ ಅಳೆಯುವುದನ್ನು ಮರೆಯಬಾರದು. 36 ವೋಲ್ಟಿನ ಬ್ಯಾಟರಿಯ ಚಾರ್ಜರಿನಲ್ಲಿ 42 ವೋಲ್ಟು ಕಾಣಬೇಕು; ಕೆಲವು ಚಾರ್ಜರುಗಳು ಬ್ಯಾಟರಿ ಸೇರಿಸಿದ ಮೇಲಷ್ಟೇ ವೋಲ್ಟೇಜ್ ಕೊಡುತ್ತವೆಯಾದ್ದರಿಂದ, ಸೊನ್ನೆ ಬಂದರೆ ಅಂಥದೇ ಇನ್ನೊಂದು ಚಾರ್ಜರಿನಿಂದ ಖಾತ್ರಿಪಡಿಸಿಕೊಳ್ಳಿ. ಬ್ಯಾಟರಿ ಖಾಲಿಯಿದ್ದೂ ಚಾರ್ಜರಿನ ದೀಪ ಸೇರಿಸಿದ ಕೂಡಲೇ ಹಸಿರಾದರೆ, ಚಾರ್ಜರಿಗೆ ಬ್ಯಾಟರಿ ಕಾಣುತ್ತಲೇ ಇಲ್ಲ: ಚಾರ್ಜಿಂಗ್ ಪೋರ್ಟಿನ ಪಿನ್ನು ಅಥವಾ ಅದರ ಒಳಗಿನ ಫ್ಯೂಸ್ ಕೆಟ್ಟಿರುವ ಲಕ್ಷಣವಿದು. ಬೇರೆ ವೋಲ್ಟಿನ ಚಾರ್ಜರನ್ನು ‘ಪಿನ್ನು ಕೂರುತ್ತದೆ’ ಎಂಬ ಕಾರಣಕ್ಕೆ ಸೇರಿಸುವುದು ಬೆಂಕಿಗೆ ದಾರಿ.

ತಿಂಗಳುಗಟ್ಟಲೆ ಖಾಲಿಯಾಗಿಯೇ ಬಿಟ್ಟಿದ್ದ ಬ್ಯಾಟರಿಯ ಮಾತು ಬೇರೆ. ಒಂದು ಸೆಲ್ಲು 2.5 ವೋಲ್ಟಿಗಿಂತ ಬಹಳ ಕೆಳಗಿಳಿದು ಬಹುಕಾಲ ನಿಂತರೆ ಅದರೊಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಅದನ್ನು ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇರೆಡೆ ಕೂತು ಒಳಗೇ ಶಾರ್ಟ್ ಆಗುವ ಅಪಾಯವಿದೆ. ಪ್ಯಾಕಿನ ಅಳತೆ 25 ವೋಲ್ಟಿಗಿಂತ ಕಡಿಮೆಯಿದ್ದರೆ, ಬಿಎಂಎಸ್ಸನ್ನು ಬದಿಗೆ ಸರಿಸಿ ನೇರವಾಗಿ ಚಾರ್ಜ್ ಮಾಡಿಕೊಡುತ್ತೇವೆ ಎನ್ನುವವರ ಕೈಗೆ ಕೊಡಬೇಡಿ.

ಬ್ಯಾಟರಿಯಲ್ಲಿ ವೋಲ್ಟೇಜ್ ಸರಿಯಿದೆ, ಆದರೂ ಡಿಸ್‌ಪ್ಲೇ ಹೊತ್ತುವುದಿಲ್ಲ ಎಂದಾದರೆ ಬ್ಯಾಟರಿ ಕೂರುವ ತೊಟ್ಟಿಲಿನ ಪಿನ್ನುಗಳನ್ನು ನೋಡಿ. ಹಸಿರು ಕಿಲುಬೋ ಕಪ್ಪು ಸುಟ್ಟ ಗುರುತೋ ಇದ್ದರೆ ಕ್ಲೀನರ್ ಹೊಡೆದು ಬ್ರಷ್ಷಿನಿಂದ ಉಜ್ಜಿ ಒಣಗಿಸಿ. ಅಲ್ಲಿಂದ ಮುಂದೆ ಡಿಸ್‌ಪ್ಲೇಯ ಕೇಬಲ್. ಹಲವು ಮಾದರಿಗಳಲ್ಲಿ ಕಂಟ್ರೋಲರನ್ನು ಎಬ್ಬಿಸುವ ವಿದ್ಯುತ್ತು ಡಿಸ್‌ಪ್ಲೇಯ ಗುಂಡಿಯ ಮೂಲಕವೇ ಹಾದು ಬರುವುದರಿಂದ, ಆ ಒಂದು ಕನೆಕ್ಟರಿನಲ್ಲಿ ಪಿನ್ನು ಬಾಗಿದ್ದರೆ ಇಡೀ ಸೈಕಲ್ ಸತ್ತಂತೆ ತೋರುತ್ತದೆ.

ಡಿಸ್‌ಪ್ಲೇ ಹೊತ್ತಿದರೂ ಚಕ್ರ ತಿರುಗದಿದ್ದರೆ

ಬ್ರೇಕ್ ಲಿವರುಗಳಿಂದ ಶುರುಮಾಡಿ. ಲಿವರ್ ಒತ್ತಿದ ಕೂಡಲೇ ಮೋಟಾರು ನಿಲ್ಲುವಂತೆ ಅದರೊಳಗೆ ಒಂದು ಸ್ವಿಚ್ಚು ಇರುತ್ತದೆ. ಧೂಳು ಕೂತೋ, ಬ್ರೇಕ್ ಕೇಬಲ್ ತುಕ್ಕು ಹಿಡಿದೋ ಲಿವರ್ ಪೂರ್ತಿ ಹಿಂದೆ ಬರದಿದ್ದರೆ ಸವಾರ ಬ್ರೇಕ್ ಹಿಡಿದೇ ಇದ್ದಾನೆಂದು ಕಂಟ್ರೋಲರ್ ತಿಳಿಯುತ್ತದೆ. ಬ್ರೇಕ್ ಒತ್ತದಿದ್ದರೂ ಹಿಂದಿನ ಕೆಂಪು ದೀಪ ಉರಿಯುತ್ತಿದ್ದರೆ ಇದೇ ಕಾರಣ. ಎರಡೂ ಬ್ರೇಕ್ ಸೆನ್ಸರುಗಳ ಕನೆಕ್ಟರುಗಳನ್ನು ಕಳಚಿ, ಸ್ಟ್ಯಾಂಡಿನಲ್ಲಿ ಮೋಟಾರು ತಿರುಗಿಸಿ ನೋಡಿ. ತಿರುಗಿದರೆ ಒಂದೊಂದಾಗಿ ಮತ್ತೆ ಸೇರಿಸಿದಾಗ ತಪ್ಪಿತಸ್ಥ ಲಿವರ್ ಯಾವುದೆಂದು ತಿಳಿಯುತ್ತದೆ. ಆದರೆ ಕಳಚಿದ ಸ್ಥಿತಿಯಲ್ಲೇ ರಸ್ತೆಗಿಳಿಯಬಾರದು.

ನಂತರ ಥ್ರಾಟಲ್ ಮತ್ತು ಪೆಡಲ್ ಅಸಿಸ್ಟ್ ಎರಡನ್ನೂ ಬೇರೆಬೇರೆಯಾಗಿ ಪ್ರಯತ್ನಿಸಿ. ಖರ್ಚಿಲ್ಲದ ಪರೀಕ್ಷೆಗಳಲ್ಲಿ ಇದರಷ್ಟು ವಿಷಯ ತಿಳಿಸುವುದು ಇನ್ನೊಂದಿಲ್ಲ. ಒಂದರಿಂದ ಮೋಟಾರು ಓಡಿ ಇನ್ನೊಂದರಿಂದ ಓಡದಿದ್ದರೆ ಬ್ಯಾಟರಿ, ಕಂಟ್ರೋಲರ್‌ನ ಶಕ್ತಿಭಾಗ, ಮೋಟಾರು ಮೂರೂ ಸರಿಯಿವೆ. ದೋಷ ಓಡದಿರುವ ಆ ಸೆನ್ಸರಿನಲ್ಲಿ, ಅದರ ವೈರಿನಲ್ಲಿ ಅಥವಾ ಡಿಸ್‌ಪ್ಲೇಯ ಸೆಟ್ಟಿಂಗಿನಲ್ಲಿದೆ. ಪೆಡಲ್ ಸೆನ್ಸರಿನಲ್ಲಿ ಸಣ್ಣ ಅಯಸ್ಕಾಂತಗಳಿರುವ ತಟ್ಟೆಯೊಂದು ಕ್ರ್ಯಾಂಕಿನ ಜೊತೆ ತಿರುಗುತ್ತದೆ, ಅದರ ಪಕ್ಕದಲ್ಲಿ ಕೆಲವೇ ಮಿಲಿಮೀಟರ್ ಅಂತರದಲ್ಲಿ ಸೆನ್ಸರ್ ಕೂತಿರುತ್ತದೆ. ಕಲ್ಲು ಬಡಿದು ಅಂತರ ಹೆಚ್ಚಾಗಿದ್ದರೆ, ಕೆಸರು ಮೆತ್ತಿದ್ದರೆ ಅಥವಾ ತಟ್ಟೆ ಸೀಳಿ ಸಡಿಲವಾಗಿದ್ದರೆ ಅಸಿಸ್ಟ್ ಬರುವುದಿಲ್ಲ. ಥ್ರಾಟಲಿನಲ್ಲಿ ಮೂರು ವೈರುಗಳಿದ್ದು, ಸಾಮಾನ್ಯವಾಗಿ ಕೆಂಪು ಮತ್ತು ಕಪ್ಪಿನ ನಡುವೆ ಐದು ವೋಲ್ಟಿನ ಆಸುಪಾಸು ಇರಬೇಕು. ಮೂರನೆಯ ವೈರಿನ ವೋಲ್ಟೇಜ್ ಥ್ರಾಟಲ್ ಬಿಟ್ಟಾಗ ಒಂದು ವೋಲ್ಟಿಗಿಂತ ಸ್ವಲ್ಪ ಕಡಿಮೆಯಿದ್ದು, ತಿರುಚಿದಂತೆ ಮೂರೂವರೆ–ನಾಲ್ಕರವರೆಗೆ ಏರಬೇಕು. ಏರದಿದ್ದರೆ ಥ್ರಾಟಲ್ ಬದಲಿಸಿ.

ಡಿಸ್‌ಪ್ಲೇಯಲ್ಲಿ ದೋಷಸಂಖ್ಯೆ ಕಾಣಿಸಿದರೆ ಬರೆದಿಟ್ಟುಕೊಳ್ಳಿ, ಆದರೆ ಅದರ ಅರ್ಥವನ್ನು ನಿಮ್ಮ ಸೈಕಲ್ಲಿನ ಕೈಪಿಡಿಯಲ್ಲೇ ಹುಡುಕಿ. ಬಾಫಾಂಗ್ ಎಂಬ ತಯಾರಕರ ವ್ಯವಸ್ಥೆಯಲ್ಲಿ 30 ಎಂದರೆ ಡಿಸ್‌ಪ್ಲೇ ಮತ್ತು ಕಂಟ್ರೋಲರ್ ನಡುವಿನ ಸಂವಹನ ದೋಷ, 21 ಎಂದರೆ ವೇಗದ ಸೆನ್ಸರಿನ ದೋಷ. ಬೇರೆ ತಯಾರಕರಲ್ಲಿ ಅವೇ ಸಂಖ್ಯೆಗಳಿಗೆ ಬೇರೆ ಅರ್ಥವಿರಬಹುದು.

ಚಕ್ರ ತಿರುಗುವ ಬದಲು ನಡುಗಿ ಗುರುಗುಟ್ಟಿದರೆ ಮೂರು ದಪ್ಪ ವೈರುಗಳಲ್ಲೊಂದು ಅಥವಾ ಒಂದು ಹಾಲ್ ಸೆನ್ಸರ್ ಕೈಬಿಟ್ಟಿದೆ. ಸೈಕಲ್ ಆನ್ ಮಾಡಿ, ಹಾಲ್ ಕನೆಕ್ಟರಿನ ಹಿಂಬದಿಯಿಂದ ಕಪ್ಪು ವೈರಿಗೂ ಹಳದಿ, ಹಸಿರು, ನೀಲಿ ಸಣ್ಣ ವೈರುಗಳಿಗೂ ನಡುವೆ ಒಂದೊಂದಾಗಿ ಅಳೆಯುತ್ತ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಗೇರ್ ಇರುವ ಹಬ್ ಮೋಟಾರಿನಲ್ಲಿ ಮುಂದಕ್ಕೆ ತಿರುಗಿಸಿದರೆ ಮೋಟಾರು ತಿರುಗುವುದೇ ಇಲ್ಲ, ಹಿಂದಕ್ಕೆ ತಿರುಗಿಸಬೇಕು. ಪ್ರತಿ ವೈರಿನ ಅಳತೆಯೂ ಸೊನ್ನೆಗೂ ಸುಮಾರು ಐದು ವೋಲ್ಟಿಗೂ ನಡುವೆ ಜಿಗಿಯುತ್ತಿರಬೇಕು. ಒಂದೇ ಅಂಕಿಯಲ್ಲಿ ನಿಂತದ್ದು ಕೆಟ್ಟದ್ದು. ಕೇಬಲ್ ಆಕ್ಸಲಿನೊಳಗೆ ನುಸುಳುವ ಜಾಗದಲ್ಲಿ ಸುಲಿದು ತುಂಡಾಗುವುದು ಹೆಚ್ಚು. ಇದಕ್ಕೆ ವ್ಯತಿರಿಕ್ತವಾಗಿ, ಸೈಕಲ್ ಆಫ್ ಇದ್ದಾಗಲೂ ಚಕ್ರವನ್ನು ಹಿಂದಕ್ಕೆ ತಿರುಗಿಸಲು ತಡೆತಡೆದು ಬಹಳ ಬಿಗಿಯೆನಿಸಿದರೆ ಮೋಟಾರಿನ ಕನೆಕ್ಟರನ್ನು ಕಳಚಿ ಮತ್ತೆ ತಿರುಗಿಸಿ: ಹಗುರಾದರೆ ಕಂಟ್ರೋಲರಿನೊಳಗೆ ಮೋಟಾರಿಗೆ ಕರೆಂಟು ಬಿಡುವ ಮಾಸ್ಫೆಟ್ ಎಂಬ ಸ್ವಿಚ್ಚು ಸುಟ್ಟಿದೆ, ಹಗುರಾಗದಿದ್ದರೆ ಶಾರ್ಟ್ ಮೋಟಾರಿನ ಕಡೆಯಲ್ಲೇ ಇದೆ.

ಏರಿನಲ್ಲಿ ನಿಲ್ಲುವ ಸೈಕಲ್

ಜನರನ್ನು ಹೆಚ್ಚು ಗೊಂದಲಕ್ಕೆ ಕೆಡಹುವುದು ಈ ದೋಷ. ಮನೆಯಂಗಳದಲ್ಲಿ ಎಲ್ಲವೂ ಸರಿ; ಫ್ಲೈಓವರ್ ಹತ್ತುವಾಗ ಮೋಟಾರು ನಿಲ್ಲುತ್ತದೆ; ಇಳಿದು ನೋಡಿದರೆ ಡಿಸ್‌ಪ್ಲೇಯಲ್ಲಿ ಇನ್ನೂ ಎರಡು ಕಡ್ಡಿ ಉಳಿದಿವೆ. ಹೊಲಗಳಲ್ಲಿ ಎಲ್ಲರೂ ಒಟ್ಟಿಗೆ ಪಂಪ್‌ಸೆಟ್ ಹಾಕಿದಾಗ ಮನೆಯ ಬಲ್ಬು ಮಂಕಾಗುವಂತೆ, ಬ್ಯಾಟರಿಯಿಂದ ಹೆಚ್ಚು ಕರೆಂಟು ಎಳೆದಷ್ಟೂ ಅದರ ವೋಲ್ಟೇಜ್ ತಾತ್ಕಾಲಿಕವಾಗಿ ಕುಸಿಯುತ್ತದೆ. ಸುಮ್ಮನಿದ್ದಾಗ 37 ವೋಲ್ಟು ತೋರಿಸುವ ಬ್ಯಾಟರಿಯ ಒಳರೋಧ, ಅಂದರೆ ಕರೆಂಟಿಗೆ ಅದರೊಳಗೇ ಇರುವ ತಡೆ, 0.2 ಓಮ್ ಇದ್ದರೆ, ಏರಿನಲ್ಲಿ 12 ಆಂಪಿಯರ್ ಎಳೆದಾಗ 2.4 ವೋಲ್ಟು ಇಳಿದು 34.6ಕ್ಕೆ ಬರುತ್ತದೆ, ಸೈಕಲ್ ಓಡುತ್ತಲೇ ಇರುತ್ತದೆ. ಬ್ಯಾಟರಿ ಮುಪ್ಪಾಗಿ ಆ ರೋಧ 0.5 ಓಮ್ ಆದರೆ ಇಳಿಕೆ 6 ವೋಲ್ಟು, ಉಳಿಯುವುದು 31. ಹಲವು 36 ವೋಲ್ಟಿನ ಕಂಟ್ರೋಲರುಗಳು ಹೆಚ್ಚುಕಡಿಮೆ ಅಲ್ಲೇ ಮೋಟಾರನ್ನು ನಿಲ್ಲಿಸಿಬಿಡುತ್ತವೆ. ಹೊರೆ ಇಳಿದ ಕೂಡಲೇ ವೋಲ್ಟೇಜ್ ಮತ್ತೆ ಮೇಲೇರುವುದರಿಂದ ಕಡ್ಡಿಗಳು ಮರಳಿ ಕಾಣಿಸುತ್ತವೆ. ಆದ್ದರಿಂದ ನಿಂತಿರುವ ಸೈಕಲ್ಲಿನಲ್ಲಿ ಅಳೆದ ವೋಲ್ಟೇಜಿನಿಂದ ಬ್ಯಾಟರಿಯ ಆರೋಗ್ಯ ತಿಳಿಯುವುದಿಲ್ಲ.

ಡಿಸ್‌ಪ್ಲೇಯಲ್ಲಿ ವೋಲ್ಟೇಜನ್ನು ಅಂಕಿಯಲ್ಲಿ ತೋರಿಸುವ ಪುಟವಿದ್ದರೆ ಅದನ್ನು ತೆರೆದು, ಇಲ್ಲವಾದರೆ ಬ್ಯಾಟರಿಗೂ ಕಂಟ್ರೋಲರಿಗೂ ನಡುವೆ ಒಂದು ಡಿಸಿ ವ್ಯಾಟ್ ಮೀಟರ್ ಸೇರಿಸಿ, ಪೂರ್ತಿ ಚಾರ್ಜ್ ಮಾಡಿದ ಬ್ಯಾಟರಿಯೊಂದಿಗೆ ವಾಹನ ಸಂಚಾರ ಕಡಿಮೆಯಿರುವ ಏರೊಂದನ್ನು ಹತ್ತಿ. ಎರಡು–ಮೂರು ವೋಲ್ಟು ಇಳಿದರೆ ಸಹಜ. ಐದು–ಆರು ಇಳಿದರೆ ಎರಡು ಕಾರಣಗಳಿರಬಹುದು: ಬ್ಯಾಟರಿ ಸೋತಿದೆ, ಅಥವಾ ದಾರಿಯಲ್ಲಿ ಒಂದು ಜಾಯಿಂಟ್ ಕೆಟ್ಟಿದೆ. ಇವೆರಡನ್ನು ಬೇರ್ಪಡಿಸುವುದು ಸುಲಭ. ಏರು ಹತ್ತಿ ಮುಗಿಸಿದ ಕೂಡಲೇ ಸೈಕಲ್ ಆಫ್ ಮಾಡಿ, ಬ್ಯಾಟರಿಯ ತೊಟ್ಟಿಲಿನ ಪಿನ್ನು, ದಪ್ಪ ವೈರಿನ ಕನೆಕ್ಟರುಗಳ ಹೊರಮೈಯನ್ನು ಬೆರಳಿನಿಂದ ಹುಷಾರಾಗಿ ಮುಟ್ಟಿ ನೋಡಿ. ಕೇವಲ 0.1 ಓಮ್ ರೋಧವಿರುವ ಜಾಯಿಂಟಿನಲ್ಲಿ 12 ಆಂಪಿಯರ್ ಹರಿದರೆ ವ್ಯರ್ಥವಾಗುವುದು 1.2 ವೋಲ್ಟಷ್ಟೇ ಆದರೂ, ಅಲ್ಲಿ ಹುಟ್ಟುವ ಶಾಖ 14 ವ್ಯಾಟಿಗಿಂತ ಹೆಚ್ಚು. ಬೆರಳತುದಿಯಷ್ಟು ಜಾಗದಲ್ಲಿ ಅಷ್ಟು ಶಾಖ ಪ್ಲಾಸ್ಟಿಕ್ಕನ್ನು ಕರಗಿಸಲು ಸಾಕು. ಬಿಸಿಯಾಗಿರುವ ಕನೆಕ್ಟರ್ ಸಿಕ್ಕರೆ ಗಂಡು-ಹೆಣ್ಣು ಎರಡೂ ಭಾಗಗಳನ್ನು ಒಟ್ಟಿಗೆ ಬದಲಿಸಿ, ಸರಿಯಾಗಿ ಬೆಸುಗೆ ಹಾಕಿಸಿ. ವೈರುಗಳನ್ನು ಹೆಣೆದು ಇನ್ಸುಲೇಷನ್ ಟೇಪ್ ಸುತ್ತಿದರೆ ಅದೇ ದೋಷ ಮತ್ತೆ ಬರುತ್ತದೆ.

ನಿಲ್ಲುವ ರೀತಿಯನ್ನೂ ಗಮನಿಸಬೇಕು. ಮೋಟಾರು ನಿಂತರೂ ಡಿಸ್‌ಪ್ಲೇ ಉರಿಯುತ್ತಿದ್ದರೆ ನಿಲ್ಲಿಸಿದ್ದು ಕಂಟ್ರೋಲರ್. ಡಿಸ್‌ಪ್ಲೇಯೂ ಸೇರಿ ಎಲ್ಲವೂ ಒಮ್ಮೆಲೇ ಆರಿದರೆ ಬಿಎಂಎಸ್ ಕಡಿದುಹಾಕಿದೆ, ಇಲ್ಲವೇ ಸಂಪರ್ಕವೇ ತಪ್ಪಿದೆ. ಹತ್ತು ಗುಂಪುಗಳಲ್ಲಿ ಒಂಬತ್ತು ತಲಾ 3.5 ವೋಲ್ಟಿನಲ್ಲಿದ್ದು ಒಂದೇ ಒಂದು ದುರ್ಬಲ ಗುಂಪು 2.8ಕ್ಕೆ ಇಳಿದಿದ್ದರೂ ಒಟ್ಟು ಅಳತೆ 34.3 ಬರುತ್ತದೆ, ಹೊರಗಿನಿಂದ ನೋಡುವವರಿಗೆ ಬ್ಯಾಟರಿ ಚೆನ್ನಾಗಿಯೇ ಇದೆ, ಆದರೆ ಪ್ರತಿ ಗುಂಪನ್ನೂ ನೋಡುತ್ತಿರುವ ಬಿಎಂಎಸ್ ಆ ಒಂದಕ್ಕಾಗಿ ಎಲ್ಲವನ್ನೂ ನಿಲ್ಲಿಸುತ್ತದೆ. ಅಸಮತೋಲನ ಅಲ್ಪವಾಗಿದ್ದರೆ, ಹಸಿರು ದೀಪ ಬಂದ ಮೇಲೂ ಕೆಲವು ಗಂಟೆ ಚಾರ್ಜರಿನಲ್ಲೇ ಬಿಟ್ಟಾಗ ಬಿಎಂಎಸ್ ನಿಧಾನವಾಗಿ ಗುಂಪುಗಳನ್ನು ಸರಿದೂಗಿಸುತ್ತದೆ. ಇದನ್ನು ಹಗಲಿನಲ್ಲಿ, ಕಣ್ಣೆದುರಿಗೇ ಮಾಡಬೇಕು. ಎರಡು–ಮೂರು ಸಲ ಮಾಡಿದರೂ ಫಲ ಕಾಣದಿದ್ದರೆ ಆ ಗುಂಪು ಸೋತಿದೆ.

ರಸ್ತೆಯ ಗುಂಡಿ, ಹಂಪುಗಳ ಮೇಲೆ ಮಾತ್ರ ಆರಿ ಹೊತ್ತುವ ಸೈಕಲ್ಲಿನಲ್ಲಿ ಬ್ಯಾಟರಿ ತೊಟ್ಟಿಲಿನೊಳಗೆ ಅಲುಗಾಡುತ್ತಿರುತ್ತದೆ ಅಥವಾ ಕೀಲಿ ಸ್ವಿಚ್ಚು ಸವೆದಿರುತ್ತದೆ. ಸ್ಟ್ಯಾಂಡಿನಲ್ಲಿ ಮೋಟಾರನ್ನು ನಿಧಾನಕ್ಕೆ ಓಡಿಸುತ್ತ, ಚಕ್ರದಿಂದ ಕೈ ದೂರವಿಟ್ಟು, ಬೇರೊಬ್ಬರಿಂದ ಹ್ಯಾಂಡಲನ್ನು ಎಡಬಲಕ್ಕೆ ತಿರುಗಿಸಿ. ವೈರು ಪದೇಪದೇ ಬಾಗುವ ಆ ಕತ್ತಿನ ಭಾಗದಲ್ಲಿ ಒಳಗೇ ತುಂಡಾದ ಎಳೆ ಆಗ ಸಿಕ್ಕಿಬೀಳುತ್ತದೆ.

ನಂದಿಬೆಟ್ಟದಂಥ ದೀರ್ಘ ಏರಿನ ನಡುವೆ ನಿಂತು, ಹತ್ತು ನಿಮಿಷ ಸುಧಾರಿಸಿಕೊಂಡ ಮೇಲೆ ಮತ್ತೆ ಓಡಿದರೆ ಅದು ದೋಷವೇ ಅಲ್ಲದಿರಬಹುದು, ಕಂಟ್ರೋಲರ್ ಕಾದಿದೆ ಅಷ್ಟೆ. ಸವಾರನೂ ಸೈಕಲ್ಲೂ ಸೇರಿ ನೂರು ಕಿಲೋ ತೂಕವನ್ನು ನೂರಕ್ಕೆ ಎಂಟರ ಏರಿನಲ್ಲಿ ಗಂಟೆಗೆ 12 ಕಿ.ಮೀ. ವೇಗದಲ್ಲಿ ಎತ್ತಲು ಗುರುತ್ವಕ್ಕೆ ಎದುರಾಗಿಯೇ ಸುಮಾರು 260 ವ್ಯಾಟ್ ಬೇಕು. 250 ವ್ಯಾಟಿನ ಮೋಟಾರಿಗೆ ಕಾಲಿನ ಸಹಾಯವಿಲ್ಲದೆ ಇದು ಮೀರಿದ ಕೆಲಸ. ಚಕ್ರಕ್ಕೆ ಬ್ರೇಕ್ ಪ್ಯಾಡ್ ಉಜ್ಜುತ್ತಿದ್ದರೆ, ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಸಮತಟ್ಟಿನಲ್ಲೂ ಇದೇ ಲಕ್ಷಣ ಕಾಣುತ್ತದೆ.

ಮಳೆ ಮತ್ತು ನೀರು

ಮಲೆನಾಡಿನ ಮಳೆಗಾಲದಲ್ಲಿ ನೀರು, ಕರಾವಳಿಯಲ್ಲಿ ಉಪ್ಪುಗಾಳಿ ಎರಡೂ ಪಿನ್ನುಗಳನ್ನು ತಿನ್ನುತ್ತವೆ. ಸರ್ವಿಸ್ ಅಂಗಡಿಯ ಪ್ರೆಷರ್ ವಾಷ್ ಇವೆರಡಕ್ಕಿಂತಲೂ ಕೆಟ್ಟದ್ದು. ಮಳೆಗೆ ತಡೆಯುವ ಸೀಲುಗಳು ಆ ರಭಸಕ್ಕೆ ತಡೆಯುವುದಿಲ್ಲ. ನೆನೆದ ಮೇಲೆ ಸೈಕಲ್ ಹುಚ್ಚುಹುಚ್ಚಾಗಿ ವರ್ತಿಸಿದರೆ ಬ್ಯಾಟರಿ ತೆಗೆದು, ಕನೆಕ್ಟರುಗಳನ್ನು ಬಿಚ್ಚಿ, ಫ್ಯಾನಿನ ಗಾಳಿಯಲ್ಲಿ ಒಂದು ದಿನ ಒಣಗಲು ಬಿಟ್ಟು, ಕ್ಲೀನರ್ ಹೊಡೆದು ಸೇರಿಸಿ. ಸೀಲಿನ ಸುತ್ತ ಸ್ವಲ್ಪ ಡೈಎಲೆಕ್ಟ್ರಿಕ್ (ವಿದ್ಯುತ್ತು ಹರಿಯದ) ಗ್ರೀಸ್ ಸವರಬಹುದು. ಕಂಟ್ರೋಲರ್ ಪೆಟ್ಟಿಗೆಗೆ ಹೋಗುವ ಕೇಬಲ್ ಮೇಲಿನಿಂದ ನೇರ ಒಳಗೆ ಹೋಗದೆ, ಒಮ್ಮೆ ಕೆಳಗೆ ಬಾಗಿ ಮೇಲೇರಿ ಒಳಹೋಗುವಂತೆ ಕಟ್ಟಿದರೆ ನೀರು ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಮೆಕ್ಯಾನಿಕ್ ಬಳಿ ಹೋಗುವುದಾದರೆ

ಕಂಟ್ರೋಲರ್ ಸುಟ್ಟಿದ್ದರೆ, ಹಾಲ್ ಸೆನ್ಸರ್ ಬದಲಿಸಬೇಕಿದ್ದರೆ, ಬ್ಯಾಟರಿಯ ಒಳಗೆ ಕೆಲಸವಿದ್ದರೆ ಅನುಭವಿಗಳ ಕೈಗೇ ಕೊಡಬೇಕು. ಆಗಲೂ ‘ಓಡುತ್ತಿಲ್ಲ’ ಎಂದಷ್ಟೇ ಹೇಳದೆ, ಪೂರ್ತಿ ಚಾರ್ಜಿನ ವೋಲ್ಟೇಜ್, ಏರಿನಲ್ಲಿ ಇಳಿದ ವೋಲ್ಟೇಜ್, ಡಿಸ್‌ಪ್ಲೇ ಆರುತ್ತದೆಯೋ ಇಲ್ಲವೋ, ಥ್ರಾಟಲ್ ಮತ್ತು ಪೆಡಲ್‌ಗಳಲ್ಲಿ ಯಾವುದು ಕೆಲಸ ಮಾಡುತ್ತದೆ, ದೋಷಸಂಖ್ಯೆ ಯಾವುದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಬ್ಯಾಟರಿ ಬದಲಿಸಬೇಕೆಂದು ಅವರು ಹೇಳಿದರೆ ಹೊರೆಯಲ್ಲಿ ಅಳೆದ ಅಂಕಿಯನ್ನು ತೋರಿಸುವಂತೆ ಕೇಳಿ. ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕಬೇಡಿ; 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದರ ಮರುಸಂಗ್ರಹದ ಹೊಣೆ ತಯಾರಕರದು. ಒಪ್ಪಿಸುವ ತನಕ ಅದರ ಪಿನ್ನುಗಳಿಗೆ ಟೇಪ್ ಅಂಟಿಸಿ, ಬಿಸಿಲು ಬೀಳದ ಕಡೆ ಇಡಿ.